ಪೆರ್ಲಾಳ ಹಬ್ಬದ ತಟ್ಟೆಗಳು

ತ್ರಿಯೆಸ್ತೆ, 13 ಮೇ 2019, ಸೋಮವಾರ

ಚಿ. ಪೆರ್ಲಾಳಿಗೆ,

ಈ ಮೂಲಕ ತ್ರಿಯೆಸ್ತೆ ನಗರದ ಸಮಸ್ತ ಪೌರರಿಗೂ, ಬಂದರಿನಲ್ಲಿ ಲಂಗರು ಹಾಕಿರುವ ಹಡಗುಗಳಿಗೂ, ನಮ್ಮ ಮಹಡಿ ಮೆಟ್ಟಿಲ ಮೇಲೆ ಮಲಗುವ ಒಂದು ಬೆಕ್ಕಿಗೂ ತಿಳಿಯಪಡಿಸುವುದೇನೆಂದರೆ: ಇಂದು ಬೆಳಗಿನ ಕಾಫಿಯ ಹೊತ್ತಿಗೆ ಟಿಶ್ಯೂ ಪೇಪರಿನ ಯುಗ ಮುಗಿಯಿತು. ಸಾಬಾತೊ ಎಂಬ ಎಪ್ಪತ್ತೆಂಟರ ಮುದುಕನೊಬ್ಬ ಅಂಚೆಯಲ್ಲಿ ಬಂದ ಆಮಂತ್ರಣ ಪತ್ರಿಕೆಯಿಂದ ಮೀಸೆ ಒರೆಸಿಕೊಂಡನು. ಪತ್ರಿಕೆ ಹರಿಯಲಿಲ್ಲ. ಮೀಸೆಯೂ ಕ್ಷೇಮ.

ನನ್ನ ಜೀವಮಾನದಲ್ಲಿ ಬಹಳ ಆಮಂತ್ರಣಗಳನ್ನು ನೋಡಿದ್ದೇನೆ. ಚಿನ್ನದ ಅಂಚಿನವು, ಸೆಂಟು ಬಳಿದವು, ತೆರೆದರೆ ಹಾಡುವವು. ಹಳೇ ಮಂಚದ ಹಾಸನ್ನು ಕತ್ತರಿಸಿ, ಕೆಂಪು ದಾರದಲ್ಲಿ "ಸೆಪ್ಟೆಂಬರ್ 7, ಶನಿವಾರ, ನನ್ನ ಬಾತ್ ಮಿತ್ಸ್ವಾ. ಊಟಕ್ಕೆ ಬರುವಾಗ ಬಾಯೊರೆಸಲು ಇದನ್ನೇ ತನ್ನಿ, ಬೇರೆ ಕೊಡುವುದಿಲ್ಲ" ಎಂದು ಹೊಲಿದದ್ದು ಇದೇ ಮೊದಲು. ಹನ್ನೆರಡಕ್ಕೆ ಧರ್ಮದ ಹೊಣೆ ಹೊರುವ ಹುಡುಗಿಯ ಹಬ್ಬಕ್ಕೆ ಇದು ಕರೆಯೋ, ಎಚ್ಚರಿಕೆಯೋ? ನಿನ್ನ ಹೊಲಿಗೆ ಮಾತ್ರ ಕುಡಿದು ಮನೆಗೆ ನಡೆದವನ ಹೆಜ್ಜೆಯ ಹಾಗಿದೆ.

ಜೊತೆಗಿದ್ದ ನಿನ್ನ ನಿಯಮಗಳನ್ನೂ ಓದಿದೆ. ಯಾರೂ ಕಾರಿನಲ್ಲಿ ಬರಕೂಡದು, ಎಲ್ಲರೂ ನಡೆದೇ ಬರಬೇಕು. ಹಗಲಲ್ಲಿ ವಿದ್ಯುತ್ ದೀಪ ಹಚ್ಚಕೂಡದು. ಒಲೆ ಉರಿಸದೆ ತಣ್ಣನೆಯ ಊಟ. ಕೂಸೇ, ಇದಕ್ಕೆ ನಾವು ಯಹೂದಿಗಳು ಮೂರು ಸಾವಿರ ವರ್ಷಗಳಿಂದ ಶನಿವಾರ ಎನ್ನುತ್ತೇವೆ. ನಿನ್ನಜ್ಜಿ ಜೆಮ್ಮಕ್ಕ ಹುಟ್ಟಿದಾಗಿನಿಂದ ಪರಿಸರವಾದಿ; ಪಾಪ, ಅವಳಿಗೇ ಗೊತ್ತಿಲ್ಲ. ನಾನಂತೂ ಹೆಸರಿನಲ್ಲೇ ಶನಿವಾರ; ಸಾಬಾತೊ ಎಂದರೆ ಅದೇ ತಾನೇ.

ಇನ್ನು ನಾನು ಬರುವ ವಿಷಯ. ಬರಲಾಗುವುದಿಲ್ಲ. ಮೊಣಕಾಲು ಒಪ್ಪುತ್ತಿಲ್ಲ. ವಿಮಾನವನ್ನು ನೀನೇ ನಿಷೇಧಿಸಿದ್ದೀಯ. ರೈಲಿನಲ್ಲಿ ಮೂರು ಕಡೆ ಇಳಿದು ಹತ್ತಬೇಕು. ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ? ಬದಲಿಗೆ ನನ್ನ ಛತ್ರಿ ಅಂಗಡಿಯ ಹಳೇ ದಾಸ್ತಾನಿನಿಂದ ಒಂದು ಛತ್ರಿ ಕಳಿಸುತ್ತೇನೆ. ಇಲ್ಲಿನ ಬಿರುಗಾಳಿಗೆ ಮುರಿಯದ ಏಕೈಕ ಛತ್ರಿ. ಆದ್ದರಿಂದಲೇ ಅಂಗಡಿಗೆ ನಷ್ಟ ತಂದದ್ದೂ ಅದೇ.

ಫೋನ್ ಮಾಡಬೇಡ. ಕಿವಿಯ ಯಂತ್ರವೂ ಫೋನೂ ಸೇರಿ ಶಿಳ್ಳೆ ಹೊಡೆಯುತ್ತವೆ. ಕಾಗದ ವ್ಯರ್ಥವೆಂದು ಬೈಯಲೂ ಬೇಡ. ಅಂಗಡಿ ಮುಚ್ಚಿದರೂ ಅದರ ಹೆಸರು ಅಚ್ಚಾದ ಹಾಳೆಗಳು ಮುಗಿದಿಲ್ಲ. ನಾನು ಬರೆಯದಿದ್ದರೆ ಅವು ಕಸವಾಗುತ್ತವೆ. ನಿನ್ನ ಧರ್ಮವನ್ನೇ ನಾನೂ ಪಾಲಿಸುತ್ತಿದ್ದೇನೆ.

ನಿನ್ನ ಅಜ್ಜ,
ಸಾಬಾತೊ


ಲಿವೋರ್ನೊ, 21 ಮೇ 2019, ಮಂಗಳವಾರ

ಪ್ರೀತಿಯ ಸಾಬಾತೊ ಅಜ್ಜ,

ನಿಮ್ಮ ಪತ್ರವನ್ನು ಊಟದ ಮೇಜಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಪ್ಪ ನಕ್ಕು ನಕ್ಕು ಕೆಮ್ಮಿದರು. ಜೆಮ್ಮಜ್ಜಿ ಮಾತ್ರ "ನನ್ ತಮ್ಮನ್ಗೆ ಎಲ್ಲಾ ತಮಾಷೇನೇ ಕಣೇ. ಗಂಡು ಕೂಸಿನ ಬ್ರಿತ್‌ಗೆ ಕರೆದ್ರೆ ಬರಲ್ಲ, ಮದುವೆಗೆ ಕರೆದ್ರೆ ಬರಲ್ಲ. ಅವನ ಮೊಣಕಾಲಿಗೆ ಪಂಚಾಂಗ ನೋಡೋಕೆ ಬರುತ್ತೆ, ಹಬ್ಬ ಬಂದಾಗಲೇ ನೋಯುತ್ತೆ" ಎಂದಳು. ನೀವು ಬಾರದಿರುವುದು ನನ್ನ ಹಬ್ಬ ಮಕ್ಕಳಾಟ ಅನ್ನಿಸಿದ್ದಕ್ಕಾ? ಹಾಗಿದ್ದರೆ ನೇರವಾಗಿ ಹೇಳಿ.

ಅದು ಆಟವಲ್ಲ ಅಜ್ಜ. ಯಾಕೆ ಅಂತ ಹೇಳುತ್ತೇನೆ. ಆ ಶನಿವಾರ ಪ್ರಾರ್ಥನೆಯಲ್ಲಿ ಓದುವ ಶಾಸ್ತ್ರಭಾಗದಲ್ಲಿ, ಯುದ್ಧಕ್ಕೆ ಹೋಗಿ ಊರನ್ನು ಮುತ್ತಿದರೂ ಹಣ್ಣಿನ ಮರ ಕಡಿಯಬೇಡಿ ಎಂದಿದೆ. ನಾನು ಭಾಷಣ ಮಾಡಬೇಕಾದದ್ದು ಅದರ ಮೇಲೆಯೇ. ಅದನ್ನು ಓದಿದ ವಾರವೇ ಸಿನಗಾಗ್‌ನಲ್ಲಿ ಯಾರದೋ ಮನೆ ಹುಡುಗನ ಹಬ್ಬದ ಊಟವಿತ್ತು. ಊಟ ಮುಗಿದಾಗ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ತುಂಬಿದ ಕಪ್ಪು ಚೀಲಗಳು ಬಾಗಿಲವರೆಗೂ ನಿಂತಿದ್ದವು. ಮುತ್ತಿಗೆ ಹಾಕಿದ್ದು ನಾವೇ ಅನ್ನಿಸಿತು. ನಾನು ಕುರ್ಚಿ ಹತ್ತಿ, "ನನ್ನ ಹಬ್ಬದ ದಿನ ಒಂದೇ ಒಂದು ತಟ್ಟೆಯೂ ಕಸದ ಬುಟ್ಟಿಗೆ ಹೋಗುವುದಿಲ್ಲ" ಎಂದುಬಿಟ್ಟೆ. ಎಲ್ಲರ ಮುಂದೆ. ರಬ್ಬಿಯೂ ಇದ್ದರು.

ಫ್ಲೋರಾ ಅತ್ತೆ ಗೊತ್ತಲ್ಲ, ಅಡುಗೆಮನೆಯ ಬೀಗದ ಕೈ ಇಟ್ಟುಕೊಂಡಿರುವವರು? ಅವರು ತಕ್ಷಣ, "ಆಹಾ! ಮತ್ತೆ ಎಲ್ಲಿ ತಿಂತೀವಮ್ಮಾ, ಬೊಗಸೆಯಲ್ಲಾ?" ಎಂದರು. ನಮ್ಮ ಸಭಾಂಗಣದಲ್ಲಿ ತಟ್ಟೆಗಳೇ ಇಲ್ಲ. ಮಾಂಸ, ಹಾಲು ಒಂದಕ್ಕೊಂದು ಸೋಕಬಾರದಲ್ಲ, ಮಾಂಸಕ್ಕೊಂದು ಸೆಟ್, ಹಾಲಿಗೊಂದು ಸೆಟ್ ಇಟ್ಟು ಕಾಯುವವರು ಯಾರು ಅಂತ ಪ್ಲಾಸ್ಟಿಕ್ ತಂದು ಬಿಸಾಡುತ್ತಾರೆ. ಅದಕ್ಕೆ ನಾನೊಂದು ದಾರಿ ಮಾಡಿದ್ದೇನೆ. ನಮ್ಮದೂ ಸೇರಿ ಆರು ಮನೆಗಳಿಂದ ತಟ್ಟೆ ಎರವಲು ತರುತ್ತೇನೆ. ಊಟಕ್ಕೆ ಮೀನು, ತರಕಾರಿ, ಗೋಧಿ ರವೆಯ ಕೂಸ್ಕೂಸ್. ಮಾಂಸವೂ ಇಲ್ಲ, ಹಾಲೂ ಇಲ್ಲ. ಎಲ್ಲಾ ತಣ್ಣಗೆ ಬಡಿಸುತ್ತೇವೆ. ಯಾವ ತಟ್ಟೆಯಲ್ಲಿ ಹಾಕಿದರೂ ತೊಂದರೆಯಿಲ್ಲ. ಫ್ಲೋರಾ ಅತ್ತೆ ಕೂಡ ಕೊಡಲು ಒಪ್ಪಿದ್ದಾರೆ. "ಎಣಿಸಿ ಕೊಡ್ತೀನಿ, ಎಣಿಸಿ ತಗೋತೀನಿ" ಅಂದರು, ಆದರೂ ಒಪ್ಪಿದ್ದಾರೆ!

ಛತ್ರಿ ಕಳಿಸಬೇಡಿ. ನೀವೇ ಬನ್ನಿ. ಇಲ್ಲಿ ಸೆಪ್ಟೆಂಬರಿನಲ್ಲಿ ಮಳೆ ಬರುವುದಿಲ್ಲ.

ನಿಮ್ಮ ಪೆರ್ಲಾ


ತ್ರಿಯೆಸ್ತೆ, 30 ಮೇ 2019, ಗುರುವಾರ

ಚಿ. ಪೆರ್ಲಾ,

ಕುರ್ಚಿ ಹತ್ತಿದ ಸುದ್ದಿ ತಿಳಿದು ರೋಮಾಂಚನವಾಯಿತು. ನಮ್ಮ ವಂಶದಲ್ಲಿ ಕುರ್ಚಿ ಹತ್ತಿದವರು ಇದುವರೆಗೆ ಇಬ್ಬರೇ: ಬಲ್ಬು ಬದಲಿಸಲು ನಿನ್ನಪ್ಪ, ಇಲಿ ಕಂಡು ಜೆಮ್ಮಕ್ಕ.

ಆದರೂ ಅನುಭವಸ್ಥನ ಮಾತು ಕೇಳು. ನಾನು ಐವತ್ತು ವರ್ಷ ಈ ಊರಿನ ಮದುವೆ ಮುಂಜಿಗಳ ಊಟ ನೋಡಿದವನು. ಊಟ ಅನ್ನುವುದು ಯುದ್ಧವೇ. ನಿನ್ನ ಶಾಸ್ತ್ರಭಾಗ ಸರಿಯಾಗಿಯೇ ಇದೆ. ಕೊನೇ ಗಳಿಗೆಯಲ್ಲಿ ಎಂಟು ಜನ ಹೆಚ್ಚಿಗೆ ಬರುತ್ತಾರೆ, ನಾಲ್ಕು ತಟ್ಟೆ ಒಡೆಯುತ್ತವೆ, ಫ್ಲೋರಾ ಬೀಗದ ಕೈ ಕುಣಿಸುತ್ತ ಬಂದು ಕಪಾಟಿನಿಂದ ಪ್ಲಾಸ್ಟಿಕ್ ತಟ್ಟೆಯ ಕಟ್ಟು ಇಳಿಸುತ್ತಾಳೆ. ಬೇಕಾದರೆ ಪಂದ್ಯ. ಸೆಪ್ಟೆಂಬರ್ 7ರಂದು ನಿನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ತಟ್ಟೆ ಬಾರದಿದ್ದರೆ, ನಲವತ್ತು ವರ್ಷದಿಂದ ಸಾಕಿ ಸಲಹಿದ ಈ ಮೀಸೆಯನ್ನು ಬೋಳಿಸಿಬಿಡುತ್ತೇನೆ. ಬಂದರೆ ನೀನು ನನಗೊಂದು ಡಬ್ಬಿ ರೊಸ್ಕೆತ್ತೆ ಕಳಿಸಬೇಕು, ಜೆಮ್ಮಕ್ಕ ಮಾಡಿದ ಗರಿಗರಿ ಬಳೆ ಬಿಸ್ಕತ್ತುಗಳು. ಕೊಂಡದ್ದು ನಡೆಯದು.

ಎರವಲು ತಟ್ಟೆಗಳ ಬಗ್ಗೆ ಒಂದು ಮಾತು. ನನ್ನ ಹೆಂಡತಿ, ನಿನ್ನ ರೆಜೀನಜ್ಜಿ, ಇದ್ದಿದ್ದರೆ ಹೇಳುತ್ತಿದ್ದಳು, ಇಂಥ ಕಡೆ ಅವಳು ಏನು ಮಾಡುತ್ತಿದ್ದಳೆಂದರೆ...

ಇರಲಿ ಬಿಡು. ಇಲ್ಲಿ ಗಾಳಿ ಎದ್ದಿದೆ. ಕಿಟಕಿ ಹಾಕಬೇಕು.

ಸಾಬಾತೊ


ತ್ರಿಯೆಸ್ತೆ, 17 ಜೂನ್ 2019, ಸೋಮವಾರ

ಚಿ. ಪೆರ್ಲಾ,

ಅಂಚೆಯವನನ್ನು ದಿನಾ ಬಾಗಿಲಲ್ಲಿ ಅಡ್ಡಗಟ್ಟುತ್ತಿದ್ದೇನೆ. ಮೊನ್ನೆ ಅವನು, "ತಾತಾ, ನಿಮಗೆ ಕಾಗದ ಬಂದರೆ ನಾನೇ ಮೂರನೇ ಮಹಡಿಗೆ ತಂದುಕೊಡ್ತೀನಿ, ದಯವಿಟ್ಟು ಮೆಟ್ಟಿಲ ಮೇಲೆ ಕೂತು ನನ್ನ ಹೆದರಿಸ್ಬೇಡಿ" ಎಂದ.

ಪರೀಕ್ಷೆಯೋ? ಭಾಷಣ ಬರೆಯುತ್ತಿದ್ದೀಯೋ? ಅಥವಾ ಪಂದ್ಯದಲ್ಲಿ ಸೋಲುವ ಭಯಕ್ಕೆ ಈಗಿನಿಂದಲೇ ಹಿಟ್ಟು ನಾದುತ್ತಿದ್ದೀಯೋ?

ಸಾಬಾತೊ


ತ್ರಿಯೆಸ್ತೆ, 2 ಜುಲೈ 2019, ಮಂಗಳವಾರ

ಪೆರ್ಲಾ,

ತಿಂಗಳಾಯಿತು. ನನಗೆ ಅರ್ಥವಾಗಿದೆ. ನಿನ್ನ ಹಬ್ಬ ಮಕ್ಕಳಾಟವೇ ಎಂದು ನೀನು ನೇರವಾಗಿ ಕೇಳಿದ್ದೆ. ನಾನು ನೇರವಾಗಿ ಉತ್ತರಿಸದೆ ಪಂದ್ಯ ಕಟ್ಟಿದೆ. ಛತ್ರಿ ಮಾರಿ ಬದುಕಿದವನಿಗೆ ಪಕ್ಕಕ್ಕೆ ಸರಿದು ನಿಲ್ಲುವುದು ಅಭ್ಯಾಸವಾಗಿದೆ.

ಅದು ಆಟವಲ್ಲ. ನಾನು ಬಾರದಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೋಪ ಬಂದಿದ್ದರೆ ಕೋಪದಲ್ಲೇ ಒಂದು ಸಾಲು ಬರೆ. ಬೈಗುಳವಾದರೂ ಓದಲು ಚೆನ್ನಾಗಿರುತ್ತದೆ.

ಅಜ್ಜ


ಲಿವೋರ್ನೊ, 8 ಜುಲೈ 2019, ಸೋಮವಾರ

ಪ್ರೀತಿಯ ಅಜ್ಜ,

ನಿಮ್ಮ ಮೇಲೆ ಕೋಪವಿಲ್ಲ. ಪಂದ್ಯ ನೀವೇ ಗೆದ್ದಿರಿ. ರೊಸ್ಕೆತ್ತೆ ಕಳಿಸುತ್ತೇನೆ. ಊಟವಿಲ್ಲ. ಆ ದಿನ ನಾನು ಆಶೀರ್ವಚನ ಹೇಳಿ, ಭಾಷಣ ಓದಿ, ಮನೆಗೆ ಬರುತ್ತೇನೆ. ಅಷ್ಟೇ ಅಂತ ಅಮ್ಮನಿಗೆ ಹೇಳಿದ್ದೇನೆ.

ಆದದ್ದು ಇಷ್ಟು. ಶಾಲೆ ಮುಗಿದ ವಾರ ಆರು ಮನೆಗಳ ತಟ್ಟೆ ತಂದು ಸಿನಗಾಗ್‌ನ ನೆಲಮಾಳಿಗೆಯಲ್ಲಿ ಜೋಡಿಸಿದೆ. ಬೇಗ ತಂದಿಟ್ಟುಕೊಂಡರೆ ಯಾರೂ ಮನಸ್ಸು ಬದಲಿಸುವುದಿಲ್ಲ ಅಂತ ನನ್ನ ಲೆಕ್ಕ. ಪ್ರತಿ ಮನೆಯವರೂ ತಟ್ಟೆಯ ಬೆನ್ನಿಗೆ ಉಗುರಿನ ಬಣ್ಣದಲ್ಲಿ ಚುಕ್ಕೆ ಇಟ್ಟಿದ್ದರು: ಕೆಂಪು ಮಾಂಸದ ತಟ್ಟೆಗೆ, ನೀಲಿ ಹಾಲಿನ ತಟ್ಟೆಗೆ. ತಳ್ಳುಗಾಡಿಯಲ್ಲಿ ತರುವಾಗ ಎಲ್ಲಾ ಧೂಳು ಹಿಡಿದಿತ್ತು. ಧೂಳು ತಟ್ಟೆ ಹೇಗೆ ಇಡುವುದು? ದೊಡ್ಡ ಟಬ್ಬಿನಲ್ಲಿ ಕುದಿಯುವ ನೀರು ಸುರಿದೆ. ಅಂಗಡಿಯ ಸೋಪು ನದಿಗೆ ಕೆಟ್ಟದ್ದೆಂದು ವಾಷಿಂಗ್ ಸೋಡಾ ಹಾಕಿದೆ. ಎಲ್ಲಾ ತಟ್ಟೆಗಳನ್ನೂ ಒಟ್ಟಿಗೆ ಮುಳುಗಿಸಿದೆ.

ಅಜ್ಜ, ಸೋಡಾಕ್ಕೆ ಚುಕ್ಕೆಗಳು ಎದ್ದು ಹೋದವು. ನೀರ ಮೇಲೆ ಕೆಂಪು, ನೀಲಿ ಚೂರುಗಳು ತೇಲುತ್ತಿದ್ದವು, ಹಬ್ಬದ ಬಣ್ಣದ ಕಾಗದದ ಹಾಗೆ. ಊಟ ಯಾವುದು ಅಂತಷ್ಟೇ ನಾನು ಯೋಚಿಸಿದ್ದೆ. ತಟ್ಟೆಗಳು ಆಮೇಲೆ ಅವರವರ ಮನೆಗೆ ಹೋಗಬೇಕು ಅನ್ನುವುದೇ ಹೊಳೆದಿರಲಿಲ್ಲ. ಮಾಂಸದ್ದೂ ಹಾಲಿನದೂ ಒಂದೇ ಬಿಸಿನೀರಿನಲ್ಲಿ ಬೆಂದಿದ್ದವು. ಎಲ್ಲಾ ಬಿಳೀ ಪಿಂಗಾಣಿ. ಯಾವುದು ಯಾರದು, ಯಾವುದು ಯಾವುದಕ್ಕೆ, ದೇವರಿಗೇ ಗೊತ್ತು.

ಫ್ಲೋರಾ ಅತ್ತೆ ಬಂದು ಟಬ್ಬನ್ನೇ ನೋಡುತ್ತ ನಿಂತರು. ಕೂಗಲಿಲ್ಲ. "ನಮ್ಮಮ್ಮನ ತಟ್ಟೆ ಕಣೇ ಅದು" ಅಂದರು, ಅಷ್ಟೇ. ಕೂಗಿದ್ದರೆ ಚೆನ್ನಾಗಿತ್ತು. ರಬ್ಬಿ ಪುಸ್ತಕ ತಿರುವಿ, ತಟ್ಟೆಗಳು ಹಿಂದಿನ ದಿನ ಬಳಸಿದ್ದಲ್ಲ, ಸೋಡಾ ನೀರು ಅಂಟಿದ ರುಚಿಯನ್ನು ಕೆಡಿಸುತ್ತದೆ, ಆದ್ದರಿಂದ ಮತ್ತೆ ಬಳಸಲು ಒಂದು ದಾರಿ ಇದೆ ಎಂದರು. ಜೆಮ್ಮಜ್ಜಿ, "ದಾರಿ ಇದ್ರೆ ಆ ದಾರೀಲಿ ಆ ತಟ್ಟೆಗಳು ರಬ್ಬಿ ಮನೆಗೇ ಹೋಗ್ಲಿ. ನನ್ ಅಡುಗೆಮನೆಗೆ ಬರೋದ್ ಬೇಡ" ಅಂದಳು. ಅವಳೂ, ನಮ್ಮ ಸ್ವಂತ ಅಜ್ಜಿಯೂ!

ಒಂದೊಂದು ಮನೆಗೂ ಹೋಗಿ ಕ್ಷಮೆ ಕೇಳಿದೆ. ಅದಕ್ಕೆ ಬಹಳ ದಿನ ಹಿಡಿಯಿತು, ಯಾಕೆಂದರೆ ಫ್ಲೋರಾ ಅತ್ತೆಯ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸು ಬಂದೆ. ಮೂರನೇ ಸಲ ಗಂಟೆ ಒತ್ತಿದೆ. ತಟ್ಟೆಗಳನ್ನು ಬಿಸಾಡಬೇಡಿ, ಹೂಕುಂಡದ ಕೆಳಗಿಡಿ ಎಂದು ಕೇಳಿಕೊಂಡೆ. ಈಗ ನಮ್ಮ ಬೀದಿಯ ಪ್ರತಿ ಬಾಲ್ಕನಿಯಲ್ಲೂ ತುಳಸಿ ಗಿಡ ಒಂದೊಂದು ಪಿಂಗಾಣಿ ತಟ್ಟೆಯ ಮೇಲೆ ಕೂತಿದೆ. ಬೀದಿಯಲ್ಲಿ ನಡೆಯುವಾಗ ತಲೆ ಎತ್ತಲು ಆಗುವುದಿಲ್ಲ.

ಅಮ್ಮ ಮೆಕ್ಕೆಜೋಳದ ತಟ್ಟೆ ತರಿಸೋಣ, ಮಣ್ಣಲ್ಲಿ ಕೊಳೆಯುತ್ತದೆ ಅನ್ನುತ್ತಾಳೆ. ಕೊಳೆಯಲಿ. ಕುರ್ಚಿ ಮೇಲೆ ನಿಂತು ನಾನು ಹೇಳಿದ್ದು ಅದಲ್ಲ.

ಪೆರ್ಲಾ


ತ್ರಿಯೆಸ್ತೆ, 11 ಜುಲೈ 2019, ಗುರುವಾರ

ಕೂಸೇ,

ನಿನ್ನ ಪತ್ರ ಈಗ ತಾನೇ ಬಂತು. ಅಂಚೆಯವನು ಇನ್ನೂ ಕೆಳಗೇ ಇದ್ದಾನೆ. ಇದನ್ನು ಅವನ ಕೈಗೇ ಕೊಡಬೇಕು. ಹಾಗಾಗಿ ತಮಾಷೆಗೆ ಪುರುಸೊತ್ತಿಲ್ಲ.

ಮೊದಲು ಕಾನೂನು. ನಿನಗಿನ್ನೂ ಹನ್ನೆರಡು ತುಂಬಿಲ್ಲ. ಹನ್ನೆರಡು ತುಂಬುವವರೆಗೆ ಹೆಣ್ಣುಮಗಳ ತಪ್ಪು ಅಪ್ಪನ ತಲೆಗೆ. ಆದ್ದರಿಂದ ಮನೆಮನೆಗೆ ಹೋಗಿ ಕ್ಷಮೆ ಕೇಳಬೇಕಾದವನು ನಿನ್ನಪ್ಪ. ನೀನು ಹೋದೆ. ಇನ್ನು ಆ ಬಾತ್ ಮಿತ್ಸ್ವಾ ಯಾತಕ್ಕೆ? ಮೂರನೇ ಸಲ ಗಂಟೆ ಒತ್ತಿದಾಗಲೇ ಆಯಿತಲ್ಲ.

ಎರಡನೆಯದು, ಗಾಜು. ಪಿಂಗಾಣಿ ತಿಂದದ್ದನ್ನೆಲ್ಲ ಒಳಗೆ ಹೀರಿಕೊಳ್ಳುತ್ತದೆ, ಗಾಜು ಹೀರುವುದಿಲ್ಲ. ನಮ್ಮ ಹಿರಿಯರ ಪದ್ಧತಿಯಲ್ಲಿ ಗಾಜಿನ ತಟ್ಟೆಗೆ ಇಂದು ಮಾಂಸ, ಚೆನ್ನಾಗಿ ತೊಳೆದು ನಾಳೆ ಹಾಲು; ಯಾವ ಚುಕ್ಕೆಯೂ ಬೇಡ. ರೆಜೀನಾ ಹೇಳುತ್ತಿದ್ದಳು: "ಗಾಜಿಗೆ ನೆನಪಿಲ್ಲ ಕಣ್ರೀ, ತೊಳೆದರೆ ಹೊಸದು. ಪಿಂಗಾಣಿ ನಿಮ್ಮ ಥರ, ಎಲ್ಲಾ ಒಳಗೇ ಇಟ್ಕೊಳ್ಳುತ್ತೆ." ರಬ್ಬಿಯನ್ನು ಕೇಳು. ಮನೆಮನೆಯಲ್ಲೂ ಗಾಜಿನ ತಟ್ಟೆ ಹುಡುಕು. ಊಟ ರದ್ದು ಮಾಡಬೇಡ.

ಅಜ್ಜ


ಲಿವೋರ್ನೊ, 25 ಜುಲೈ 2019, ಗುರುವಾರ

ಪ್ರೀತಿಯ ಅಜ್ಜ,

ರಬ್ಬಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡು, "ಗಾಜು! ಇಷ್ಟು ಪುಸ್ತಕ ತಿರುವಿದೆ, ಇದೊಂದು ಹೊಳೀಲಿಲ್ಲ ನೋಡು. ಯಾರು ಹೇಳಿದ್ದು?" ಎಂದರು. ತ್ರಿಯೆಸ್ತೆಯ ಛತ್ರಿ ಅಂಗಡಿಯವರು ಎಂದೆ. "ಛತ್ರಿಯವರಿಗೆ ಕೊಡುವ ಗೌರವವೆಲ್ಲ ಕೊಟ್ಟೆ ಅಂತ ಬರಿ" ಎಂದರು. ಬರೆದಿದ್ದೇನೆ.

ಆದರೆ ತಟ್ಟೆಗಳಿಲ್ಲ ಅಜ್ಜ. ಈ ಊರಿನಲ್ಲಿ ಗಾಜು ಅಂದರೆ ಲೋಟ. ಹುಡುಕಿ ಹುಡುಕಿ ಸಿಕ್ಕಿದ್ದು ಒಂದು ಕೇಕಿನ ತಟ್ಟೆ, ಎರಡು ಹಣ್ಣಿನ ಬಟ್ಟಲು, ಒಂದು ಆಶ್‌ಟ್ರೇ. ಅರವತ್ತು ಜನ ಸರದಿಯಲ್ಲಿ ಆಶ್‌ಟ್ರೇಯಲ್ಲಿ ಉಣ್ಣುವುದನ್ನು ನೆನೆದು ಅಪ್ಪ ಮತ್ತೆ ಕೆಮ್ಮಿದರು. ಹೊಸದು ಕೊಳ್ಳೋಣ ಅನ್ನುತ್ತಾರೆ. ಒಂದು ದಿನದ ಊಟಕ್ಕೆ ಅರವತ್ತು ತಟ್ಟೆ ಕೊಂಡರೆ ಅದು ಬಿಸಾಡುವುದರ ಅಣ್ಣನೇ ಅಲ್ಲವಾ?

ಮೊನ್ನೆ ಜೆಮ್ಮಜ್ಜಿ ಬಟಾಣಿ ಬಿಡಿಸುತ್ತಾ ಇದ್ದಕ್ಕಿದ್ದಂತೆ, "ರೆಜೀನಾ ಹತ್ರ ಇತ್ತಲ್ಲೇ! ತ್ರಿಯೆಸ್ತೇಲಿ ನಮ್ಮವರ ಯಾವ ಮದುವೆ ಇರಲಿ, ಅವಳ ಗಾಜಿನ ತಟ್ಟೆ ಹೋಗ್ಲೇಬೇಕು. ತಾನೇ ಬಡಿಸಿ, ತಾನೇ ತೊಳೆದು, ಎಣಿಸ್ಕೊಂಡು ಬರೋಳು" ಅಂದಳು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು, "ನಾನು ಹೇಳ್ದೆ ಅನ್ಬೇಡ. ಅವನ್ನ ಕೇಳ್ಬೇಡ, ಗೊತ್ತಾಯ್ತಾ?" ಅಂದಳು. ಯಾಕೆ ಅಂದರೆ ಬಟಾಣಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಕೇಳಬೇಡ ಅಂದಿದ್ದಕ್ಕೇ ಕೇಳುತ್ತಿದ್ದೇನೆ. ಆ ತಟ್ಟೆಗಳು ಎಲ್ಲಿವೆ ಅಜ್ಜ? ಮಾರಿದ್ದರೆ, ಯಾರಿಗಾದರೂ ಕೊಟ್ಟಿದ್ದರೆ ಪರವಾಗಿಲ್ಲ. ಅಥವಾ ಇದ್ದೂ ಕೊಡಲು ಮನಸ್ಸಿಲ್ಲದಿದ್ದರೂ ಪರವಾಗಿಲ್ಲ. ಅದು ನನಗೆ ಅರ್ಥವಾಗುತ್ತದೆ. ಫ್ಲೋರಾ ಅತ್ತೆ ಟಬ್ಬನ್ನು ನೋಡಿದ ರೀತಿಯನ್ನು ನಾನು ನೋಡಿದ್ದೇನೆ.

ಪೆರ್ಲಾ


ತ್ರಿಯೆಸ್ತೆ, 20 ಆಗಸ್ಟ್ 2019, ಮಂಗಳವಾರ

ಪ್ರೀತಿಯ ಪೆರ್ಲಾ,

ತಡವಾಯಿತು. ಈ ಸಲ ಅಂಚೆಯವನ ತಪ್ಪಿಲ್ಲ.

ತಟ್ಟೆಗಳು ಎಲ್ಲೂ ಹೋಗಿಲ್ಲ. ಊಟದ ಕೋಣೆಯ ಎತ್ತರದ ಬೀರುವಿನಲ್ಲಿವೆ. ರೆಜೀನಾ ಹೋದ ಮೇಲೆ ಆ ಬಾಗಿಲನ್ನು ನಾನು ತೆಗೆದಿಲ್ಲ. ನಾನು ಉಣ್ಣುವುದು ಅಡುಗೆಮನೆಯಲ್ಲಿ, ಬಾಣಲೆಯಿಂದಲೇ. ಮದುವೆ, ಬ್ರಿತ್, ಯಾವುದಕ್ಕೂ ಹೋಗದ್ದೂ ಅದಕ್ಕೇ. ಎಲ್ಲಿ ಹೋದರೂ ಊಟದ ಹೊತ್ತಿಗೆ ನನ್ನ ಕಣ್ಣು ತಟ್ಟೆಯ ಮೇಲೆ ಬೀಳುತ್ತದೆ. ಅದು ಅವಳ ತಟ್ಟೆಯಲ್ಲ. ಮೊಣಕಾಲು ನಿಜಕ್ಕೂ ನೋಯುತ್ತದೆ, ಆದರೆ ಅಷ್ಟಲ್ಲ. ಬೆಕ್ಕಂತೂ ನನ್ನದೇ ಅಲ್ಲ.

ನಿನ್ನ ಪತ್ರ ಓದಿ ಮೊದಲು ಜೆಮ್ಮಕ್ಕನ ಮೇಲೆ ಸಿಟ್ಟು ಬಂತು. ಆಮೇಲೆ ನಿನ್ನ ಮೇಲೆ. ಎರಡು ವಾರ ಸಿಟ್ಟಿನಲ್ಲೇ ಕಳೆದೆ. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯ ವ್ಯಾಯಾಮ. ಆದರೆ ನೀನು ಬರೆದ ಕೊನೇ ಸಾಲುಗಳು ಬಿಡಲಿಲ್ಲ. ಕೊಡದಿದ್ದರೂ ಪರವಾಗಿಲ್ಲ ಅನ್ನುವವರಿಗೆ ಕೊಡದಿರುವುದು ಎಷ್ಟು ಕಷ್ಟ ಗೊತ್ತಾ? ದಬಾಯಿಸಿ ಕೇಳಿದ್ದರೆ ನಾನು ಕ್ಷೇಮವಾಗಿರುತ್ತಿದ್ದೆ.

ಭಾನುವಾರ ಬೀರು ತೆಗೆದೆ. ಬಾಗಿಲು ಸ್ವಲ್ಪ ಬಿಗಿದಿತ್ತು. ನಾನು ಅಂದುಕೊಂಡಿದ್ದೆ, ತೆಗೆದ ಕೂಡಲೇ ಅವಳೇ ಎದುರಿಗೆ ಬಂದ ಹಾಗಾಗುತ್ತದೆ, ನನ್ನಿಂದ ತಡೆಯಲಾಗುವುದಿಲ್ಲ ಎಂದು. ಹಾಗೇನೂ ಆಗಲಿಲ್ಲ. ಧೂಳು ಹಿಡಿದ ಗಾಜು, ಅಷ್ಟೇ. ಒಂದನ್ನು ತೆಗೆದು ನಲ್ಲಿಯ ಕೆಳಗೆ ಹಿಡಿದೆ. ಪಳಪಳ ಅಂತ ಹೊಳೆಯಿತು, ಯಾರೂ ಯಾವತ್ತೂ ಅದರಲ್ಲಿ ಉಂಡೇ ಇಲ್ಲ ಅನ್ನುವ ಹಾಗೆ. ನನಗೆ ಅವಮಾನವಾದಂತಾಯಿತು. ಐವತ್ತು ವರ್ಷದ ಮದುವೆಗಳು, ಇದಕ್ಕೆ ಒಂದೂ ನೆನಪಿಲ್ಲವಲ್ಲ! ಆಮೇಲೆ ಅದೇ ತಟ್ಟೆಯಲ್ಲಿ ಟೊಮೇಟೊ ಹೆಚ್ಚಿಕೊಂಡು, ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ತಿಂದೆ.

ಉಳಿದ ವಿಷಯ ವ್ಯವಹಾರದ್ದು. ತಟ್ಟೆಗಳನ್ನು ಅಂಗಡಿಯಲ್ಲಿ ಉಳಿದ ಛತ್ರಿ ಬಟ್ಟೆಯಲ್ಲಿ ಸುತ್ತುತ್ತಿದ್ದೇನೆ: ಒಂದು ತಟ್ಟೆ, ಒಂದು ಬಟ್ಟೆ, ಒಂದು ತಟ್ಟೆ. ಗುಳ್ಳೆ ಪ್ಲಾಸ್ಟಿಕ್ಕಿನ ಒಂದು ಗುಳ್ಳೆಯೂ ಇಲ್ಲ. ಎರಡು ಚಕ್ರದ ಪೆಟ್ಟಿಗೆ ತುಂಬಿವೆ. ಸೆಪ್ಟೆಂಬರ್ 5, ಗುರುವಾರ ಹೊರಡುತ್ತೇನೆ. ಶುಕ್ರವಾರ ಸಂಜೆ ಮೇಣದಬತ್ತಿ ಹಚ್ಚಿ ನಮ್ಮ ಶನಿವಾರ ಶುರುವಾಗುವ ಮುಂಚೆ ಎಲ್ಲಾ ಅಡುಗೆಮನೆ ಸೇರಿರಬೇಕು. ನಿನ್ನಪ್ಪನನ್ನು ನಾನು ರೈಲು ಬದಲಿಸುವ ಬೊಲೋನ್ಯಾ ಸ್ಟೇಷನ್ನಿಗೆ ಕಳಿಸು. ಒಂದು ಪೆಟ್ಟಿಗೆ ಅವನು ಎಳೆಯಲಿ. ಅವನ ಮಗಳ ತಪ್ಪು ಇನ್ನೂ ಅವನ ತಲೆಯ ಮೇಲೇ ಇದೆ ಎಂದು ನೆನಪಿಸು.

ಪಂದ್ಯದ ವಿಷಯ ನೀನು ಎತ್ತುವ ಮೊದಲೇ ಹೇಳಿಬಿಡುತ್ತೇನೆ: ನಾನು ಸೋಲಲಿರುವುದು ನನ್ನ ಕೈಯಿಂದಲೇ ಎಂದು ನನಗೆ ಗೊತ್ತಿದೆ.

ಅಜ್ಜ


ತ್ರಿಯೆಸ್ತೆ, 16 ಸೆಪ್ಟೆಂಬರ್ 2019, ಸೋಮವಾರ

ನನ್ನ ಪೆರ್ಲಾಳಿಗೆ,

ಮನೆ ಸೇರಿದೆ. ಮೆಟ್ಟಿಲ ಮೇಲಿನ ಬೆಕ್ಕು ನನ್ನನ್ನು ಗುರುತಿಸಲಿಲ್ಲ. ಅದರ ತಪ್ಪಲ್ಲ, ಲಿವೋರ್ನೊ ಸ್ಟೇಷನ್ನಿನಲ್ಲಿ ಸ್ವಂತ ಅಕ್ಕನೇ ಗುರುತಿಸಲಿಲ್ಲವಲ್ಲ! "ಯಾರಪ್ಪಾ ನೀನು, ನನ್ ತಮ್ಮನ್ ಪೆಟ್ಟಿಗೆ ಎಳ್ಕೊಂಡು ಬರ್ತಿದೀಯಾ? ಬಿಡೋ, ಕಳ್ಳ!" ಎಂದು ಆಕೆ ಕೈಚೀಲ ಬೀಸಿದ್ದನ್ನು ನೀನು ಕಣ್ಣಾರೆ ಕಂಡೆ. ಮೀಸೆಯಿಲ್ಲದ ಮೇಲ್ದುಟಿಗೆ ಗಾಳಿ ಹೊಡೆಯುವ ಅನುಭವ ವಿಚಿತ್ರ. ಗೆದ್ದವಳಿಗೆ ಅಭಿನಂದನೆ.

ಇನ್ನು ಸಮಾರಂಭದ ವರದಿ. ನೀನು ಇದ್ದೆಯಲ್ಲ, ಇನ್ನೇನು ವರದಿ ಅನ್ನಬೇಡ. ಮದುವಣಗಿತ್ತಿಗೆ ಮದುವೆ ಕಾಣುವುದಿಲ್ಲ. ನೀನು ಭಾಷಣ ಮಾಡುವಾಗ ನಾನು ಫ್ಲೋರಾಳ ಹಿಂದೆ ಕೂತಿದ್ದೆ. ಮರ ಕಡಿಯಬೇಡಿ ಅಂದವರು ಮರ ನೆಟ್ಟವರ ಹೆಸರು ಹೇಳಲಿಲ್ಲ, ನಾನು ಹೇಳುತ್ತೇನೆ ಎಂದು ನೀನು ಆರು ಮನೆಗಳ ಹೆಸರು ಒಂದೊಂದಾಗಿ ಹೇಳಿದೆಯಲ್ಲ, ತಟ್ಟೆ ಕೊಟ್ಟು ಕಳೆದುಕೊಂಡವರು ಎಂದು. ಆಗ ಫ್ಲೋರಾ ಕರೆಯೋಲೆ ತೆಗೆದು ಮೂಗು ಒರೆಸಿಕೊಂಡಳು. ಒಂದು ಕರೆಯೋಲೆಗೆ ಇದಕ್ಕಿಂತ ದೊಡ್ಡ ಸಾರ್ಥಕ್ಯವಿಲ್ಲ.

ಊಟದ ಹೊತ್ತಿಗೆ ನಾನು ಕಸದ ಬುಟ್ಟಿಯ ಪಕ್ಕದ ಕುರ್ಚಿ ಹಿಡಿದೆ. ಎಲ್ಲರೂ ನನ್ನ ಮೊಣಕಾಲಿಗೆ ಮರುಗಿದರು. ನಿಜವಾಗಿ ನಾನು ಕಾವಲಿದ್ದೆ. ಬಂದದ್ದು ನಿಂಬೆಸಿಪ್ಪೆ, ಮೀನಿನ ಮುಳ್ಳು, ಆಲಿವ್ ಬೀಜ. ನೀನು ಹೇಳಿದ ಹಾಗೆ ಬೇರೆ ಬೇರೆ ಡಬ್ಬಿಗೆ ಬಿದ್ದವು. ನಿಮ್ಮ ಊರಿನ ಅತ್ತೆಯಂದಿರೆಲ್ಲ ಮೀನು ಹಾಕಿಸಿಕೊಂಡು ಬರುವುದನ್ನು ನೋಡುತ್ತ ಕೂತೆ. ಗಾಜಿನ ಮೂಲಕ ಮೇಜಿನ ಮೇಲೆ ಬೆಳಕು ಬೀಳುತ್ತದೆ, ಗೊತ್ತಾ? ಅವಳು ಬಡಿಸುವಾಗಲೂ ಹಾಗೇ ಬೀಳುತ್ತಿತ್ತು. ಅದು ಅವಳ ತಟ್ಟೆಯೇ. ಎರಡು ಸಲ ಹಾಕಿಸಿಕೊಂಡೆ.

ಆಮೇಲೆ ಕಾಯುವ ಪಾಳಿ. ಶನಿವಾರ ತಟ್ಟೆ ತೊಳೆಯುವಂತಿಲ್ಲ. ಅಷ್ಟೂ ಎಂಜಲು ತಟ್ಟೆಗಳ ಗೋಪುರದ ಮುಂದೆ ಇಡೀ ಸಮುದಾಯ ಕಿಟಕಿಗೆ ಮೂಗೊತ್ತಿ ಆಕಾಶ ನೋಡುತ್ತ ನಿಂತದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಶನಿವಾರ ಮುಗಿದ ಗುರುತಾಗಿ ಮೂರನೇ ನಕ್ಷತ್ರ ಕಂಡ ಕೂಡಲೇ ನೀನು ತೋಳು ಮಡಚಿ ಟಬ್ಬಿಗೆ ಕೈ ಹಾಕಿದೆ. ಫ್ಲೋರಾ ಪಕ್ಕಕ್ಕೆ ಬಂದು, "ಈ ಸಲ ಸೋಡಾ ಗೀಡಾ ಹಾಕಿಲ್ಲ ತಾನೇ?" ಅಂದಳು. ನೀನು, "ಹಾಕಿದ್ರೂ ಏನೂ ಆಗಲ್ಲ ಅತ್ತೆ, ಇದಕ್ಕೆ ನೆನಪಿರಲ್ಲ" ಅಂದೆ. "ನಂಗಿರುತ್ತೆ ಕಣೇ, ನಂಗಿರುತ್ತೆ" ಎಂದು ಅವಳು ಒರೆಸುವ ಬಟ್ಟೆ ತೆಗೆದುಕೊಂಡಳು. ಅಷ್ಟರಲ್ಲಿ ನಾನೂ ಕೈ ಜೋಡಿಸಲು ಬಂದು, ಒದ್ದೆ ಕೈಯಿಂದ ಒಂದನ್ನು ಜಾರಿಸಿಬಿಟ್ಟೆ.

ಆ ಸದ್ದಿಗೆ ಹೆದರಿಕೊಂಡೇ ಇಷ್ಟು ವರ್ಷ ನಾನು ಆ ಬೀರು ತೆಗೆದಿರಲಿಲ್ಲ ಪೆರ್ಲಾ. ಕಣ್ಣು ಮುಚ್ಚಿಕೊಂಡೆ. ನೀವೆಲ್ಲ ಏನು ಮಾಡಿದಿರಿ? ಇಡೀ ಅಡುಗೆಮನೆ ಒಂದೇ ದನಿಯಲ್ಲಿ, ಮದುವೆಯಲ್ಲಿ ವರ ಗಾಜು ಒಡೆದಾಗ ಕೂಗುವ ಹಾಗೆ, "ಬೆಸಿಮಾನ್ ತೋವ್! ಶುಭವಾಗಲಿ!" ಎಂದು ಕೂಗಿತು. ಜೆಮ್ಮಕ್ಕ, "ಮೀಸೆ ಬೋಳಿಸ್ಕೊಂಡು ಬಂದಾಗ್ಲೇ ಅನ್ಕೊಂಡೆ, ಇವನು ಮದುವಣಿಗನಾಗೋಕೇ ಬಂದಿದಾನೆ ಅಂತ" ಎಂದಳು. ನಾನು ನಕ್ಕೆ. ಎಷ್ಟು ಜೋರಾಗಿ ಎಂದರೆ ಕಿವಿಯ ಯಂತ್ರವೂ ಶಿಳ್ಳೆ ಹೊಡೆಯಿತು.

ನೀನು ಮಾತ್ರ ಚೂರುಗಳನ್ನು ಕೈಯಲ್ಲಿ ಹಿಡಿದುಕೊಂಡು ಬುಟ್ಟಿಯ ಮುಂದೆ ನಿಂತಿದ್ದೆ, ಮುಖ ಸಣ್ಣದು ಮಾಡಿಕೊಂಡು: ಒಂದು ತಟ್ಟೆಯೂ ಬುಟ್ಟಿಗೆ ಹೋಗುವುದಿಲ್ಲ ಎಂದಿದ್ದೆಯಲ್ಲ. ಆ ಚೂರುಗಳು ಎಲ್ಲಿಗೆ ಹೋದವೆಂದು ನೀನು ಮಾರನೇ ದಿನ ಎಲ್ಲರನ್ನೂ ಕೇಳಿದೆಯಂತೆ. ನೀನು ಅವನ್ನು ಮೇಜಿನ ಮೇಲಿಟ್ಟು ಟಬ್ಬಿಗೆ ಮರಳಿದಾಗ ನಾನೇ ಎತ್ತಿಕೊಂಡೆ; ನನ್ನ ಬಳಿಯಿವೆ. ನಿನ್ನ ಕರೆಯೋಲೆಯಲ್ಲಿ ಕಟ್ಟಿ ಬೀರುವಿನಲ್ಲಿಟ್ಟಿದ್ದೇನೆ. ನಿನ್ನ ಮಾತು ಉಳಿದಿದೆ.

ಮಿಕ್ಕ ತಟ್ಟೆಗಳು ನಿಮ್ಮ ಸಭಾಂಗಣದಲ್ಲೇ ಇರಲಿ. ಯಾರ ಮನೆಯದೂ ಅಲ್ಲ, ಆದ್ದರಿಂದ ಎಲ್ಲರದೂ. ಬೀಗದ ಕೈ ಫ್ಲೋರಾಳ ಹತ್ತಿರವೇ ಇರಲಿ. ರೆಜೀನಾಳಷ್ಟೇ ಕಟ್ಟುನಿಟ್ಟಾಗಿ ಎಣಿಸುವವಳು ಅವಳೊಬ್ಬಳೇ. ಯಾವ ಮಗುವಿನ ಹಬ್ಬಕ್ಕೂ ಇಲ್ಲ ಎನ್ನಬಾರದು ಎಂದು ಅವಳಿಗೆ ಹೇಳಿಯೇ ಬಂದಿದ್ದೇನೆ. "ಇಲ್ಲ ಅನ್ನೋಕೆ ನಾನ್ಯಾರು, ಆದ್ರೆ ಎಣಿಸ್ತೀನಿ" ಅಂದಳು.

ಬಾಣಲೆಯಿಂದ ಉಣ್ಣುವುದನ್ನು ಬಿಟ್ಟಿದ್ದೇನೆ. ಆದರೆ ಆ ಚೂರುಗಳ ಗಂಟು ಬಿಟ್ಟರೆ ಬೀರು ಈಗ ಖಾಲಿ; ಉತ್ಸಾಹದಲ್ಲಿ ಒಂದನ್ನೂ ಇಟ್ಟುಕೊಳ್ಳದೆ ಎಲ್ಲಾ ತಂದುಬಿಟ್ಟಿದ್ದೆ. ಅದಕ್ಕೇ ಒಂದು ಸಣ್ಣ ಉಪಕಾರ ಮಾಡು. ಚಳಿಗಾಲದ ರಜೆಗೆ ನೀನು ರೈಲು ಹತ್ತಿ ಬರುವಾಗ ಫ್ಲೋರಾಳನ್ನು ಕೇಳಿ ಎರಡು ತಟ್ಟೆ ತಾ. ನನಗೊಂದು, ನಿನಗೊಂದು. ಛತ್ರಿ ಬಟ್ಟೆ ಅಲ್ಲೇ ಪೆಟ್ಟಿಗೆಯಲ್ಲಿದೆ, ಅದರಲ್ಲೇ ಸುತ್ತು.

ನಿನ್ನ ಅಜ್ಜ,
ಸಾಬಾತೊ